ಚುಚ್ಚುವ ದನಿ, ಗುಂಯ್‌ಗುಡುವ ಕೋಣೆ: ಮನೆಯ ಟ್ಯೂಬ್ ಸೆಟ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಟ್ಯೂಬ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ದನಿ ಹೆಚ್ಚಿಸುವ ಸೆಟ್) ಇಟ್ಟುಕೊಂಡು ಹಿಂದುಸ್ತಾನಿ ಗಾಯನ, ವಚನ, ಭಜನಾ ಪದ, ಪಾರಿಜಾತದ ಹಾಡುಗಳನ್ನು ಕೇಳುವವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತರಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಖರ್ಚಿಲ್ಲದೆ ಪರೀಕ್ಷಿಸಬಹುದಾದ ಸಂಗತಿಗಳು ಮೊದಲು ಬರುತ್ತವೆ, ಬೆಸುಗೆ ಹಿಡಿಯಬೇಕಾದ ಕೆಲಸಗಳು ಕೊನೆಗೆ.

ಮೊದಲು ಕಿವಿ

"ಗಾಯಕರು ತಾರ ಸಪ್ತಕಕ್ಕ ಏರಿದ ಕೂಡಲೇ ಕಿವ್ಯಾಗ ಚುಚ್ಚಿದಂಗ ಆಗ್ತದ. ಟ್ಯೂಬ್ ಸೆಟ್ ಅಂದ್ರ ದನಿ ಮೆತ್ತಗಿರ್ತದ ಅಂತಿದ್ರಲ್ಲ?"

ಟ್ಯೂಬ್ ಎಂದರೆ ಮೆತ್ತನೆಯ ದನಿ ಎಂಬುದು ಅರ್ಧ ಮಾತ್ರ ನಿಜ. ಒಂದೇ ಪವರ್ ಟ್ಯೂಬ್ ಇಡೀ ತರಂಗವನ್ನು ಹೊರುವ ಸಿಂಗಲ್ ಎಂಡೆಡ್ ಸೆಟ್‌ಗಳಲ್ಲಿ ಉಂಟಾಗುವ ವಿರೂಪದಲ್ಲಿ ಎರಡನೆಯ ಹಾರ್ಮೋನಿಕ್ (ಮೂಲ ಕಂಪನಾಂಕದ ಎರಡು ಪಟ್ಟು) ಪ್ರಧಾನವಾಗಿರುತ್ತದೆ. ಅದು ಮೂಲ ಸ್ವರದ ಮೇಲಿನ ಸಪ್ತಕದ ಅದೇ ಸ್ವರವಾದ್ದರಿಂದ ಕಿವಿಗೆ ಒರಟೆನಿಸದೆ ಬೆರೆತುಹೋಗುತ್ತದೆ. ಆದರೆ ಸ್ಪೀಕರ್ ಅಥವಾ ಕೋಣೆ ಒಂದು ಪಟ್ಟಿಯ ಕಂಪನಾಂಕಗಳನ್ನು ಎತ್ತಿ ಹಿಡಿಯುತ್ತಿದ್ದರೆ ಅದನ್ನು ಇಳಿಸುವ ಶಕ್ತಿ ಟ್ಯೂಬ್‌ಗೆ ಇಲ್ಲ.

ಮನುಷ್ಯನ ಕಿವಿ 2ರಿಂದ 5 ಕಿಲೋಹರ್ಟ್ಸ್ ನಡುವೆ ಅತ್ಯಂತ ಚುರುಕಾಗಿರುತ್ತದೆ. ಕಿವಿಯ ನಾಳವೇ ಸುಮಾರು 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಅನುನಾದಗೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಚುಚ್ಚುವುದು ತಾರ ಷಡ್ಜವಲ್ಲ ಎಂಬುದನ್ನು ಗಮನಿಸಬೇಕು. ಕಾಳಿ ಏಕದ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವ ಗಂಡುದನಿಯ ತಾರ ಷಡ್ಜ ಕೇವಲ 277 ಹರ್ಟ್ಸ್. ಗಾಯಕರು ಒತ್ತು ಕೊಟ್ಟು ಏರಿದಾಗ ಅದರ ಎಂಟನೆಯ, ಹತ್ತನೆಯ, ಹನ್ನೆರಡನೆಯ ಹಾರ್ಮೋನಿಕ್‌ಗಳು ಬಲಗೊಂಡು 2.2ರಿಂದ 3.3 ಕಿಲೋಹರ್ಟ್ಸ್ ನಡುವೆ ಬಂದು ಬೀಳುತ್ತವೆ. ಅಲ್ಲಿ ಮೂರು ಡೆಸಿಬೆಲ್‌ನಷ್ಟು ಉಬ್ಬಿದ್ದರೂ ಸಾಕು, ಒಂದು ಗಂಟೆಯ ಖಯಾಲ್ ಮುಗಿಯುವ ಹೊತ್ತಿಗೆ ಕೇಳುವವರು ದಣಿದಿರುತ್ತಾರೆ.

"ಯಾವ ಕಂಪನಾಂಕ ತೊಂದರೆ ಕೊಡುತ್ತಿದೆ ಎಂಬುದನ್ನು ಉಪಕರಣಗಳಿಲ್ಲದೆ ಹೇಗೆ ತಿಳಿಯಬೇಕು?"

ಡಗ್ಗಾ, ಡೊಳ್ಳುಗಳು ಗುಂಯ್‌ಗುಟ್ಟಿದರೆ ದೋಷ 40ರಿಂದ 120 ಹರ್ಟ್ಸ್ ಒಳಗಿರುತ್ತದೆ. ದನಿ ಡಬ್ಬಿಯೊಳಗಿನಿಂದ ಬಂದಂತಿದ್ದರೆ 200ರಿಂದ 500 ಹರ್ಟ್ಸ್, ಹಾರ್ಮೋನಿಯಂ ಮತ್ತು ಶಹನಾಯಿ ಕಿರುಚಿದಂತಿದ್ದರೆ 2ರಿಂದ 5 ಕಿಲೋಹರ್ಟ್ಸ್, ಸಕಾರ ಶಕಾರಗಳು ಸಿಡಿದಂತಿದ್ದರೆ 5ರಿಂದ 9 ಕಿಲೋಹರ್ಟ್ಸ್ ಎಂದು ತಿಳಿಯಬಹುದು. ಇದು ಒರಟು ನಕ್ಷೆ ಮಾತ್ರ, ಆದರೆ ಮೊದಲ ದಿನಕ್ಕೆ ಸಾಕು.

ಮೊಬೈಲ್‌ನಲ್ಲಿ ಟೋನ್ ಜನರೇಟರ್ ಹಾಕಿಕೊಂಡು, ಆಂಪ್ಲಿಫೈಯರ್‌ನ ವಾಲ್ಯೂಮನ್ನು ಮಾತಿನ ಮಟ್ಟಕ್ಕಿಂತ ಕೆಳಗಿಟ್ಟು, ಕಂಪನಾಂಕವನ್ನು ನಿಧಾನವಾಗಿ ಏರಿಸುತ್ತ ಹೋಗಿ. ಜೋರಾದ ಶುದ್ಧ ಸ್ವರ ಮೇಲಿನ ಕಂಪನಾಂಕಗಳನ್ನು ನುಡಿಸುವ ಸಣ್ಣ ಸ್ಪೀಕರ್ ಆದ ಟ್ವೀಟರ್‌ನ ಕಾಯಿಲನ್ನು ಸುಡಬಲ್ಲದು. ಎಲ್ಲಿ ದನಿ ಹಠಾತ್ತನೆ ಎದ್ದು ಬರುತ್ತದೆಯೋ ಆ ಸಂಖ್ಯೆಯನ್ನು ಬರೆದುಕೊಳ್ಳಿ. ನಂತರ ಕುಳಿತ ಜಾಗದಿಂದ ಒಂದು ಮೊಳ ಮುಂದೆ ಸರಿದು ಮತ್ತೆ ನೋಡಿ. ಉಬ್ಬು ಬೇರೆ ಸಂಖ್ಯೆಗೆ ಸರಿದರೆ ಅದು ಕೋಣೆಯದು. ಎಲ್ಲಿ ಕುಳಿತರೂ, ಸ್ಪೀಕರ್‌ನ ಹತ್ತಿರ ಹೋದರೂ ಅಲ್ಲೇ ನಿಂತರೆ ಸ್ಪೀಕರ್‌ನದು ಅಥವಾ ಆಂಪ್ಲಿಫೈಯರ್‌ನದು. ಈ ಒಂದು ಪರೀಕ್ಷೆ ಮಾಡದೆ ಹಣ ಖರ್ಚು ಮಾಡುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮುಂದೆ ನಿಖರವಾಗಿ ಅಳೆಯಬಯಸುವವರಿಗೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವೂ ಅಳತೆಯ ಮೈಕ್ರೋಫೋನ್ ಒಂದೂ ಸಾಕಾಗುತ್ತವೆ.

"ಹಳೇ ಬಿಇಎಲ್ ಟ್ಯೂಬ್ ಹಾಕ್ರಿ, ಎಲ್ಲಾ ಸರಿ ಆಗ್ತದ ಅಂತ ಒಬ್ರು ಹೇಳಿದ್ರು. ಖರೇನ?"

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಇಸಿಸಿ83, ಇಎಲ್84ನಂತಹ ಟ್ಯೂಬ್‌ಗಳು ಒಳ್ಳೆಯ ಟ್ಯೂಬ್‌ಗಳೇ. ಆದರೂ ಒಂದೇ ಮಾದರಿಯ ಎರಡು ಆರೋಗ್ಯವಂತ ಟ್ಯೂಬ್‌ಗಳ ನಡುವೆ ಇರುವ ವ್ಯತ್ಯಾಸ ಗೇನ್ (ದನಿಯನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು), ಗದ್ದಲ ಮತ್ತು ವಿರೂಪಗಳಲ್ಲಿ ಇರುತ್ತದೆಯೇ ಹೊರತು, 3 ಕಿಲೋಹರ್ಟ್ಸ್ ಪಟ್ಟಿಯನ್ನು ಮಾತ್ರ ಹಿಡಿದು ಇಳಿಸುವಷ್ಟು ಇರುವುದಿಲ್ಲ. ಕೊಳ್ಳುವ ಮುನ್ನ ಎಡ ಬಲದ ಟ್ಯೂಬ್‌ಗಳನ್ನು ಪರಸ್ಪರ ಬದಲಿಸಿ ನೋಡಿ. ದೋಷವೂ ಎಡದಿಂದ ಬಲಕ್ಕೆ ಸಾಗಿದರೆ ಟ್ಯೂಬ್ ತಪ್ಪಿತಸ್ಥ, ಇಲ್ಲವಾದರೆ ಅಲ್ಲ. ಸೆಟ್ ಆರಿಸಿ, ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಬೇಕು. ಬಯಾಸ್ (ಹಾಡಿಲ್ಲದಾಗಲೂ ಪವರ್ ಟ್ಯೂಬ್ ಎಳೆಯುವ ಕರೆಂಟಿನ ಮಟ್ಟ) ಹೊಂದಿಸಬೇಕಾದ ಸೆಟ್ ಆಗಿದ್ದರೆ, ಪವರ್ ಟ್ಯೂಬ್ ಜಾಗ ಬದಲಿಸಿದಾಗಲೆಲ್ಲ ಅದನ್ನು ಮತ್ತೆ ನೋಡಬೇಕು.

ಟ್ಯೂಬ್ ನಿಜವಾಗಿಯೂ ತಪ್ಪಿತಸ್ಥವಾಗುವ ಒಂದು ಸಂದರ್ಭ ಮೈಕ್ರೋಫೋನಿಕ್ಸ್. ಒಳಗಿನ ಗ್ರಿಡ್ ತಂತಿಗಳು ಸಡಿಲವಾದಾಗ ಸ್ಪೀಕರ್‌ನ ಅದುರಿಕೆಗೆ ಟ್ಯೂಬೇ ಮೈಕಿನಂತೆ ಸ್ಪಂದಿಸಿ ಕೆಲವು ಸ್ವರಗಳಿಗೆ ಲೋಹದ ಝೇಂಕಾರ ಸೇರಿಸುತ್ತದೆ. ಹಾಡು ನಿಲ್ಲಿಸಿ, ವಾಲ್ಯೂಮನ್ನು ಎಂದಿನ ಮಟ್ಟದಲ್ಲಿಟ್ಟು, ಸಣ್ಣ ಟ್ಯೂಬ್‌ನ ಗಾಜನ್ನು ಪೆನ್ಸಿಲ್ಲಿನ ಮರದ ತುದಿಯಿಂದ ಮೆಲ್ಲಗೆ ತಟ್ಟಿ. "ಟಕ್" ಎಂದು ನಿಂತರೆ ಚಿಂತೆಯಿಲ್ಲ. "ಟಿಂಯ್" ಎಂದು ಎಳೆದರೆ ಆ ಟ್ಯೂಬನ್ನು ಬದಲಿಸಿ, ಸೆಟ್ಟನ್ನು ಸ್ಪೀಕರ್ ಇರುವ ಹಲಗೆಯಿಂದ ಬೇರೆಡೆಗೆ ಇಡಿ.

"ಸೆಟ್ ಹೊಸದಿದೆ. ನೂರಾರು ತಾಸು ಓಡಿಸಿದರೆ ಚುಚ್ಚುವುದು ತಾನಾಗಿ ಹೋಗುತ್ತದೆಯೇ?"

ಹೋಗುವುದಿಲ್ಲ. ಪ್ರತಿ ಸಲ ಆನ್ ಮಾಡಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಬಿಸಿಯಾಗಲು ಬಿಟ್ಟು ತೀರ್ಮಾನಕ್ಕೆ ಬಂದರೆ ಸಾಕು. ನೂರು ತಾಸಿನಲ್ಲಿ ಒಗ್ಗಿಕೊಳ್ಳುವುದು ಬಹುತೇಕ ಕಿವಿ.

ಕೋಣೆ

"ಬಾಗಲಕೋಟಿ ಹಳೇ ಊರಾಗ ಮಾಳಿಗಿ ಮನಿಯೊಳಗ ಇದೇ ಸೆಟ್ ಭಾಳ ಚಲೋ ಕೇಳಸ್ತಿತ್ತು. ನವನಗರಕ್ಕ ಬಂದಮ್ಯಾಲೆ ಕಿವಿ ಕೊರೀತದ. ಏನ ಮಾಡೂನು?"

ಸೆಟ್ ಬದಲಾಗಿಲ್ಲ, ಮನೆ ಬದಲಾಗಿದೆ. ಮಾಳಿಗೆ ಮನೆಯಲ್ಲಿ ಮೇಲ್ಮುದ್ದೆಯ ಮಣ್ಣು, ಅದರ ಕೆಳಗೆ ತೊಲೆ ಜಂತೆಗಳ ಏರುಪೇರು, ಸಮತಟ್ಟಲ್ಲದ ದಪ್ಪ ಗೋಡೆ, ಗೂಡು, ಮೂಲೆಯಲ್ಲಿ ಕಾಳಿನ ಚೀಲ, ಗಳದ ಮೇಲೆ ಹಾಸಿಗೆ ಕೌದಿಗಳು ಇರುತ್ತಿದ್ದವು. ಸದ್ದಿನ ಒಂದು ಭಾಗವನ್ನು ಅವು ಹೀರುತ್ತಿದ್ದವು, ಉಳಿದದ್ದನ್ನು ಚದುರಿಸುತ್ತಿದ್ದವು. ಹೊಸ ಮನೆಯಲ್ಲಿ ಸ್ಲ್ಯಾಬ್ ನಯವಾಗಿದೆ, ನೆಲಕ್ಕೆ ಟೈಲ್ಸ್ ಇದೆ, ಗೋಡೆಗಳು ಎದುರುಬದುರಾಗಿ ಸಮಾಂತರವಾಗಿವೆ, ಮೇಲಿಂದ ಗಾಜಿನ ಷೋಕೇಸ್ ಮತ್ತು ಉಕ್ಕಿನ ಅಲಮಾರು. ಇವೆಲ್ಲ ಮಧ್ಯಮ ಮತ್ತು ಮೇಲಿನ ಕಂಪನಾಂಕಗಳನ್ನು ಬಹುಪಾಲು ಹಾಗೆಯೇ ಹಿಂದಕ್ಕೆ ಅಟ್ಟುತ್ತವೆ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಅದರ ಬೆನ್ನಿಗೇ "ಝ್ರ್‌ರ್" ಎಂಬ ಲೋಹದ ಎಳೆತ ಕೇಳಿಸಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ಗೋಳಗುಮ್ಮಟದಲ್ಲಿ ಅಂತರ ದೊಡ್ಡದಾದ್ದರಿಂದ ಪ್ರತಿಧ್ವನಿಗಳನ್ನು ಒಂದೊಂದಾಗಿ ಎಣಿಸಬಹುದು. ಹತ್ತು ಅಡಿ ಅಂತರದ ಗೋಡೆಗಳ ನಡುವೆ ಸದ್ದು ಹೋಗಿ ಬರಲು ಸುಮಾರು 18 ಮಿಲಿಸೆಕೆಂಡ್ ಮಾತ್ರ ಬೇಕಾಗುವುದರಿಂದ ಕಿವಿ ಅವುಗಳನ್ನು ಬಿಡಿಸಿಕೊಳ್ಳಲಾರದೆ ಒಂದೇ ಕರ್ಕಶ ನಾದವಾಗಿ ಕೇಳುತ್ತದೆ.

ಪರಿಹಾರ ಮನೆಯಲ್ಲಿಯೇ ಇದೆ. ನೀವು ಕೇಳುವ ಜಾಗದಲ್ಲಿ ಕುಳಿತು, ಇನ್ನೊಬ್ಬರಿಗೆ ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲು ಹೇಳಿ. ಯಾವ ಜಾಗದಲ್ಲಿ ಕನ್ನಡಿಯಲ್ಲಿ ಟ್ವೀಟರ್ ಕಾಣಿಸುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಆ ಜಾಗವನ್ನು ಮೆತ್ತಗೆ ಮಾಡಿ. ಎಷ್ಟು ದಪ್ಪ ಬೇಕೆಂಬುದಕ್ಕೆ ಲೆಕ್ಕವಿದೆ. 3 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 11 ಸೆಂಟಿಮೀಟರ್. ಅದರ ಕಾಲು ಭಾಗದಷ್ಟು, ಅಂದರೆ ಮೂರು ಸೆಂಟಿಮೀಟರ್ ದಪ್ಪದ ಹತ್ತಿಯ ಪದರ ಅದನ್ನು ಚೆನ್ನಾಗಿ ಹೀರುತ್ತದೆ. ನಾಲ್ಕು ಮಡಿಕೆಯ ಕೌದಿಯನ್ನು ಗೋಡೆಯಿಂದ ಎರಡು ಬೆರಳು ಬಿಟ್ಟು ತೂಗುಹಾಕಿದರೆ ಆಯಿತು. ಹತ್ತಿಯ ಗಾದಿಯನ್ನು ಗೋಡೆಗೆ ಒರಗಿಸಿದರೆ ಇನ್ನೂ ಕೆಳಗಿನ ಕಂಪನಾಂಕಗಳವರೆಗೆ ಕೆಲಸ ಮಾಡುತ್ತದೆ. ಸ್ಪೀಕರ್ ಮತ್ತು ಕುಳಿತವರ ನಡುವಿನ ನೆಲಕ್ಕೆ ಜಮಖಾನೆಯ ಕೆಳಗೆ ಕಂಬಳಿ ಹಾಸಬೇಕು, ಏಕೆಂದರೆ ತೆಳುವಾದ ಜಮಖಾನೆ ಒಂದೇ ಇದ್ದರೆ ತೀರ ಮೇಲಿನ ಕಂಪನಾಂಕಗಳನ್ನಷ್ಟೇ ಹೀರಿ ದನಿಯ ಹೊಳಪನ್ನು ಕಳೆದು, ಚುಚ್ಚುವ ಪಟ್ಟಿಯನ್ನು ಹಾಗೆಯೇ ಬಿಡುತ್ತದೆ. ಎಲ್ಲ ಗೋಡೆಗಳಿಗೂ ಬಟ್ಟೆ ಹೊದಿಸಲು ಹೋಗಬೇಡಿ. ತಂಬೂರಿಯ ಜವಾರಿ ಸತ್ತುಹೋಗುತ್ತದೆ.

"ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ?"

ದೂಳು ಹಿಡಿಯುತ್ತದೆ. ಅಷ್ಟು ತೆಳುವಾದ ರಟ್ಟು ಹೇಳಿಕೊಳ್ಳುವಷ್ಟು ಸದ್ದು ಹೀರುವುದಿಲ್ಲ, ಬೆಂಕಿಯನ್ನು ಮಾತ್ರ ಬೇಗ ಹಿಡಿಯುತ್ತದೆ.

"ಖೋಲಿ ಹತ್ತ್ ಬೈ ಹತ್ತ್ ಅದ. ಡಗ್ಗಾ ಬಾರಿಸಿದ್ರ ಇಡೀ ಖೋಲಿ ಗುಂಯ್ ಅಂತದ. ಕೌದಿ ಹಾಕಿದ್ರೂ ಹೋಗಲಿಲ್ಲ."

ಕೌದಿಯಿಂದ ಹೋಗುವಂಥದ್ದಲ್ಲ ಅದು. ಶಬ್ದದ ವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುನಾದ ಸಿಗುತ್ತದೆ. ಹತ್ತು ಅಡಿ ಎಂದರೆ 3.05 ಮೀಟರ್, 343 ಭಾಗಿಸು 6.1, ಅಂದರೆ 56 ಹರ್ಟ್ಸ್. ನಿಮ್ಮ ಕೋಣೆಯಲ್ಲಿ ಉದ್ದವೂ ಅಗಲವೂ ಒಂದೇ ಆಗಿರುವುದರಿಂದ ಎರಡು ದಿಕ್ಕಿನ ಅನುನಾದಗಳು ಒಂದರ ಮೇಲೊಂದು ಕುಳಿತಿವೆ, ಸ್ಲ್ಯಾಬ್ ಕೂಡ ಹತ್ತು ಅಡಿಯಲ್ಲಿದ್ದರೆ ಮೂರನೆಯದೂ ಸೇರಿಕೊಳ್ಳುತ್ತದೆ. ಇದರ ಇಮ್ಮಡಿಯಾದ 112 ಹರ್ಟ್ಸ್‌ನಲ್ಲಿಯೂ ಇದೇ ಕಥೆ, ಡಗ್ಗಾದ ಗಮಕಗಳು ಇವೆರಡರ ಆಸುಪಾಸಿನಲ್ಲೇ ಓಡಾಡುತ್ತವೆ. 56 ಹರ್ಟ್ಸ್ ತರಂಗದ ಕಾಲು ಭಾಗವೇ ಒಂದೂವರೆ ಮೀಟರ್ ಇರುವಾಗ ಕೌದಿ ಏನು ಮಾಡೀತು? (ವಿಜಯಪುರದ ಮೇ ತಿಂಗಳ 40 ಡಿಗ್ರಿಯಲ್ಲಿ ಶಬ್ದದ ವೇಗ ಹೆಚ್ಚಿ ಇದೇ ಅನುನಾದ 58 ಹರ್ಟ್ಸ್‌ಗೆ ಏರುತ್ತದೆ. ಅದರಿಂದ ಉಪಯೋಗವೇನಿಲ್ಲ, ಅಳೆದವರು ಗಾಬರಿಯಾಗಬಾರದೆಂದು ಹೇಳಿದ್ದೇನೆ.)

ಆದ್ದರಿಂದ ಜಾಗ ಬದಲಿಸಿ. ಈ ಅನುನಾದಗಳ ಒತ್ತಡ ಗೋಡೆಯ ಬುಡದಲ್ಲಿಯೂ ಮೂಲೆಗಳಲ್ಲಿಯೂ ಅತಿ ಹೆಚ್ಚು. ಬೆನ್ನನ್ನು ಗೋಡೆಗೆ ಆನಿಸಿ ಕುಳಿತಿದ್ದರೆ ಎರಡು ಮೂರು ಅಡಿ ಮುಂದೆ ಬನ್ನಿ. ಸರಿಯಾಗಿ ನಡುಮಧ್ಯದಲ್ಲಿ ಕುಳಿತರೆ 56 ಹರ್ಟ್ಸ್ ಮಾಯವಾಗಿ ತಬಲಾ ಬಡವಾಗುತ್ತದೆ, ಆದ್ದರಿಂದ ಅದೂ ಬೇಡ. ಸ್ಪೀಕರ್‌ಗಳನ್ನು ಮೂಲೆಯಿಂದ ಹೊರಗೆ ತಂದು, ಹಿಂಗೋಡೆಯಿಂದ ಮತ್ತು ಪಕ್ಕದ ಗೋಡೆಯಿಂದ ಇರುವ ಅಂತರಗಳು ಒಂದೇ ಆಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಉದ್ದ ಅಗಲ ಬೇರೆಯಿರುವ ಇನ್ನೊಂದು ಕೋಣೆ ಇದ್ದರೆ ಸೆಟ್ಟನ್ನು ಅಲ್ಲಿಗೆ ಒಯ್ಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಕರೆಂಟು

"ಹಾಡು ನಿಂತಾಗಲೂ ಸ್ಪೀಕರಿನಲ್ಲಿ ಹಮ್ಮಿಂಗ್ ಇರುತ್ತದೆ. ಇದೂ ಟ್ಯೂಬ್‌ನ ಗುಣವೇ?"

ನಮ್ಮ ಮೇನ್ಸ್ 50 ಹರ್ಟ್ಸ್. ಹಮ್ಮಿನ ದನಿಯನ್ನು ಟೋನ್ ಜನರೇಟರ್‌ನ ದನಿಯೊಡನೆ ಹೋಲಿಸಿ. 50 ಹರ್ಟ್ಸ್ ಆಗಿದ್ದರೆ ಅರ್ಥ್ ಲೂಪ್ (ಉಪಕರಣಗಳ ಅರ್ಥ್ ತಂತಿಗಳು ಸೇರಿ ಆದ ಸುತ್ತು) ಅಥವಾ ಟ್ಯೂಬ್ ಕಾಯಿಸುವ ಹೀಟರ್ ತಂತಿಗಳಿಂದ ಬರುತ್ತಿರುತ್ತದೆ. 100 ಹರ್ಟ್ಸ್ ಆಗಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳು ಸೊರಗಿರುವ ಸಂಭವ ಹೆಚ್ಚು. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ, ಒಂದೊಂದೇ ಕೇಬಲ್ ಕಿತ್ತು ನೋಡಿದರೆ ಲೂಪ್ ಎಲ್ಲಿದೆ ಎಂಬುದು ಸಿಕ್ಕುತ್ತದೆ. ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಚಾಳಿ ನಮ್ಮ ಕಡೆ ಇದೆ. ನೂರಾರು ವೋಲ್ಟ್ ಡಿಸಿ ಇರುವ ಲೋಹದ ಪೆಟ್ಟಿಗೆಗೆ ಹಾಗೆ ಮಾಡುವುದು ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯೂ ಒಣಗಿರುತ್ತದೆ, ಅದಕ್ಕೆ ನೀರು ಹಾಕಿಸಿ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ.

"ಸಂಜೆ ಏಳಕ್ಕ ಕೇಳಿದ್ರ ದನಿ ಒಡದಂಗ, ನಡುರಾತ್ರಿ ಕೇಳಿದ್ರ ಚಲೋ. ಹಿಂಗ್ಯಾಕ?"

ನಡುರಾತ್ರಿ ಬೀದಿ ಶಾಂತವಾಗಿರುವುದರಿಂದ ವಾಲ್ಯೂಮ್ ಕಡಿಮೆ ಇಟ್ಟಿರುತ್ತೀರಿ ಎಂಬುದು ಒಂದು ಕಾರಣ. ಇನ್ನೊಂದನ್ನು ಮಲ್ಟಿಮೀಟರ್ ಹೇಳುತ್ತದೆ. ಸಂಜೆ ಲೈನಿನಲ್ಲಿ 230ರ ಬದಲು 195 ವೋಲ್ಟ್ ಇದ್ದರೆ 6.3 ವೋಲ್ಟ್ ಇರಬೇಕಾದ ಹೀಟರ್ 5.3ಕ್ಕೆ ಇಳಿಯುತ್ತದೆ. ಶೇಕಡಾ ಹತ್ತರ ಮಿತಿಯನ್ನು ಮೀರಿದ ಈ ಇಳಿತದಲ್ಲಿ ಕ್ಯಾಥೋಡ್ ಸಾಕಷ್ಟು ಎಲೆಕ್ಟ್ರಾನ್‌ಗಳನ್ನು ಹೊರಹಾಕಲಾರದು, ಪ್ಲೇಟ್ ವೋಲ್ಟೇಜ್ ಕೂಡ ಇಳಿದು ಆಂಪ್ಲಿಫೈಯರ್‌ನ ಶಕ್ತಿ ಸುಮಾರು ಕಾಲು ಭಾಗ ಕುಗ್ಗುತ್ತದೆ, ಎಂದಿನ ವಾಲ್ಯೂಮಿನಲ್ಲಿಯೇ ದನಿ ಒಡೆಯತೊಡಗುತ್ತದೆ. ಹೆಸ್ಕಾಂ ಲೈನಿನ ವೋಲ್ಟೇಜನ್ನು ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಬರೆದಿಟ್ಟು, ಏರಿಳಿತ ಹತ್ತು ಶೇಕಡಾ ಮೀರುತ್ತಿದ್ದರೆ ಮಾತ್ರ ಸರ್ವೋ ಸ್ಟೆಬಿಲೈಸರ್ ಕೊಳ್ಳಿ.

ಆಂಪ್ಲಿಫೈಯರ್ ಮತ್ತು ಸ್ಪೀಕರ್

"300ಬಿ ಸೆಟ್, ಎಂಟು ವ್ಯಾಟ್. ಸಣ್ಣ ಬುಕ್‌ಶೆಲ್ಫ್ ಸ್ಪೀಕರ್. ಜೋರು ಮಾಡಿದಾಗ ಮಾತ್ರ ಕರ್ಕಶ."

300ಬಿ ಪವರ್ ಟ್ಯೂಬಿನ ಶಕ್ತಿ ಸಾಲುತ್ತಿಲ್ಲ. 86 ಡೆಸಿಬೆಲ್ ಸೂಕ್ಷ್ಮತೆಯ (ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ ಅಷ್ಟು ದನಿ ಕೊಡುವ) ಸ್ಪೀಕರಿಗೆ ಎಂಟು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಗರಿಷ್ಠ 95 ಡೆಸಿಬೆಲ್, ಕುಳಿತಲ್ಲಿ ಇನ್ನೂ ಕಡಿಮೆ. ಸಮ್ ಬಂದಾಗ ತಬಲಾದ ಪೆಟ್ಟು ಸರಾಸರಿ ದನಿಗಿಂತ ಹತ್ತು ಹದಿನೈದು ಡೆಸಿಬೆಲ್ ಮೇಲೇರುವುದರಿಂದ ಶಿಖರಗಳು ಕತ್ತರಿಸಿ ಹೋಗಿ ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅದೇ ಸೆಟ್ಟಿಗೆ 95 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರ್ ಜೋಡಿಸಿದರೆ ಎಂಟು ವ್ಯಾಟ್ ಮನೆಗೆ ಧಾರಾಳ.

"ಇದೇ ಸ್ಪೀಕರ್ ಟ್ರಾನ್ಸಿಸ್ಟರ್ ಸೆಟ್ಟಿಗೆ ಹಚ್ಚಿದ್ರ ಚುಚ್ಚೂದಿಲ್ಲ, ಟ್ಯೂಬಿಗೆ ಹಚ್ಚಿದ್ರ ಚುಚ್ತದ. ಉಲ್ಟಾ ಆಗಬೇಕಿತ್ತಲ್ಲ?"

ಇದು ಬಹಳ ಒಳ್ಳೆಯ ಪ್ರಶ್ನೆ, ಉತ್ತರ ಔಟ್‌ಪುಟ್ ಇಂಪೀಡೆನ್ಸ್‌ನಲ್ಲಿದೆ. ಸ್ಪೀಕರಿಗೆ ಕರೆಂಟು ಕೊಡುವಾಗ ಸೆಟ್ ತನ್ನೊಳಗೇ ಒಡ್ಡುವ ತಡೆ ಅದು. ಎಂಟು ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಕಂಪನಾಂಕಗಳಲ್ಲಿಯೂ ಎಂಟು ಓಮ್ ಇರುವುದಿಲ್ಲ. ಒಂದು ಕಡೆ ನಾಲ್ಕಕ್ಕೆ ಇಳಿದು, ದೊಡ್ಡ ಸ್ಪೀಕರ್ ಮತ್ತು ಟ್ವೀಟರ್ ನಡುವೆ ದನಿ ಹಂಚುವ ಕ್ರಾಸ್‌ಓವರ್ ಬಳಿ ಮೂವತ್ತಕ್ಕೆ ಏರಿರಬಹುದು. ಟ್ರಾನ್ಸಿಸ್ಟರ್ ಸೆಟ್ಟಿನ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ ಓಮ್‌ನ ಹತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲವಾದ್ದರಿಂದ ಆ ಏರಿಳಿತ ಅದಕ್ಕೆ ತಟ್ಟುವುದಿಲ್ಲ. ಫೀಡ್‌ಬ್ಯಾಕ್ (ಹೊರಬರುವ ಸಿಗ್ನಲ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದುವ ವಿಧಾನ) ಇಲ್ಲದ ಟ್ಯೂಬ್ ಸೆಟ್ಟಿನಲ್ಲಿ ಅದು ಎರಡು ಓಮ್ ಇದೆ ಎಂದಿಟ್ಟುಕೊಳ್ಳಿ. ಸ್ಪೀಕರ್ ನಾಲ್ಕು ಓಮ್ ಇರುವಲ್ಲಿ ಆರರಲ್ಲಿ ನಾಲ್ಕು ಪಾಲು ವೋಲ್ಟೇಜ್ ಮಾತ್ರ ಅದಕ್ಕೆ ದಕ್ಕುತ್ತದೆ, ಅಂದರೆ 3.5 ಡೆಸಿಬೆಲ್ ನಷ್ಟ. ಮೂವತ್ತು ಓಮ್ ಇರುವಲ್ಲಿ ನಷ್ಟ ಅರ್ಧ ಡೆಸಿಬೆಲ್ ಅಷ್ಟೇ. ಎರಡರ ನಡುವೆ ಮೂರು ಡೆಸಿಬೆಲ್ ವ್ಯತ್ಯಾಸ ತಾನಾಗಿ ಹುಟ್ಟಿತು. ಆ ಶಿಖರ 2ರಿಂದ 4 ಕಿಲೋಹರ್ಟ್ಸ್ ನಡುವೆ ಇದ್ದರೆ ಚುಚ್ಚದೆ ಇನ್ನೇನು ಮಾಡೀತು?

ಮೊದಲು ಸ್ಪೀಕರ್ ತಂತಿಯನ್ನು ಎಂಟು ಓಮ್ ಟ್ಯಾಪಿನಿಂದ ನಾಲ್ಕು ಓಮ್ ಟ್ಯಾಪಿಗೆ ಬದಲಿಸಿ ಕೇಳಿ. ಔಟ್‌ಪುಟ್ ಇಂಪೀಡೆನ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸ್ವಲ್ಪ ಶಕ್ತಿ ಕಡಿಮೆಯಾಗುತ್ತದೆ, ಖರ್ಚು ಏನೂ ಇಲ್ಲ. ಬದಲಿಸುವಾಗ ಸೆಟ್ ಆರಿಸಿರಬೇಕು. ಸ್ಪೀಕರ್ ಇಲ್ಲದೆ ಟ್ಯೂಬ್ ಸೆಟ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

"ನೆಗೆಟಿವ್ ಫೀಡ್‌ಬ್ಯಾಕ್ ಇದ್ದರೆ ಸಂಗೀತ ಸಾಯುತ್ತದೆ ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?"

ಒಪ್ಪುವುದಿಲ್ಲ. ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಕೊಂಡ ಈ ತತ್ವವನ್ನೇ ಬಳಸಿ 1947ರ ವಿಲಿಯಮ್ಸನ್ ಆಂಪ್ಲಿಫೈಯರ್ ಸುಮಾರು 20 ಡೆಸಿಬೆಲ್ ಫೀಡ್‌ಬ್ಯಾಕ್‌ನೊಂದಿಗೆ ಮನೆಯ ಸಂಗೀತದ ಮಟ್ಟವನ್ನೇ ಎತ್ತಿತು. ಫೀಡ್‌ಬ್ಯಾಕ್ ವಿರೂಪವನ್ನೂ ಔಟ್‌ಪುಟ್ ಇಂಪೀಡೆನ್ಸನ್ನೂ ಇಳಿಸುತ್ತದೆ. ಅಪವಾದ ಬಂದದ್ದು ಕಳಪೆ ಟ್ರಾನ್ಸ್‌ಫಾರ್ಮರ್‌ಗಳಿಂದ. ಅಂತಹವುಗಳ ಸುತ್ತ ಹೆಚ್ಚು ಫೀಡ್‌ಬ್ಯಾಕ್ ಹಾಕಿದರೆ ಕೇಳುವ ಮಿತಿಯ ಮೇಲೆ ಸರ್ಕ್ಯೂಟ್ ಅಸ್ಥಿರಗೊಂಡು, ಅದರ ಪರಿಣಾಮ ಕೆಳಗೆ ಒರಟುತನವಾಗಿ ಕೇಳಿಸುತ್ತದೆ.

ಬೆಸುಗೆ ಹಿಡಿಯುವವರಿಗೆ

"ಒಳಗ ಕೈ ಹಾಕಬಹುದೇನ್ರಿ?"

ಪ್ಲಗ್ ಕಿತ್ತ ಮೇಲೆಯೂ ಕೆಪಾಸಿಟರ್‌ಗಳಲ್ಲಿ 300ರಿಂದ 500 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಹರಿಸಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟಲು ಬಲ್ಲವರು ಕೈ ಹಾಕಲಿ. ಉಳಿದವರು ಪೆಟ್ಟಿಗೆಯ ಹೊರಗಿನ ಕೆಲಸಗಳಿಗೆ ನಿಲ್ಲುವುದು ಕ್ಷೇಮ.

"ರೆಕಾರ್ಡ್ ಹಾಕಿದಾಗ ಮಾತ್ರ ಸಕಾರ ಸಿಡಿಯುತ್ತದೆ. ಸಿಡಿಯಲ್ಲಿ ಇಲ್ಲ. ಫೋನೋ ಸ್ಟೇಜ್ ಟ್ಯೂಬಿನದು."

ಫೋನೋ ಸ್ಟೇಜ್ ಎಂದರೆ ರೆಕಾರ್ಡ್ ಸೂಜಿಯ ಸಣ್ಣ ಸಿಗ್ನಲನ್ನು ಎತ್ತುವ ಭಾಗ. ಸೂಜಿ ಸವೆದಿಲ್ಲ ಎಂಬುದು ಖಚಿತವಾದ ಮೇಲೆ ಕೆಪಾಸಿಟೆನ್ಸ್ ಲೆಕ್ಕ ಹಾಕಿ. ಸೂಜಿಯನ್ನು ಹಿಡಿದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಕಾಯಿಲ್ 500 ಮಿಲಿಹೆನ್ರಿ ಇದ್ದು, ಅದರ ಮೇಲೆ 300 ಪಿಕೋಫ್ಯಾರಡ್ ಬಿದ್ದರೆ ಸುಮಾರು 13 ಕಿಲೋಹರ್ಟ್ಸ್‌ನಲ್ಲಿ ಅನುನಾದ ಉಂಟಾಗುತ್ತದೆ. ಪಿಕೋಫ್ಯಾರಡ್ ಹೆಚ್ಚಿದಷ್ಟೂ ಆ ಉಬ್ಬು ಕೆಳಗೆ, ಸಕಾರದ ಪಟ್ಟಿಯತ್ತ ಸರಿಯುತ್ತದೆ. ಟ್ಯೂಬ್ ಫೋನೋದಲ್ಲಿ ಮರೆತುಹೋಗುವ ಸಂಗತಿ ಮಿಲ್ಲರ್ ಪರಿಣಾಮ. 12ಎಎಕ್ಸ್7 (ಇಸಿಸಿ83ರ ಇನ್ನೊಂದು ಹೆಸರು) ಟ್ಯೂಬ್‌ನ ಗ್ರಿಡ್ ಮತ್ತು ಪ್ಲೇಟ್ ನಡುವೆ ಇರುವುದು 1.7 ಪಿಕೋಫ್ಯಾರಡ್ ಆದರೂ, ಆ ಸ್ಟೇಜಿನ ಗೇನ್ 60 ಇದ್ದರೆ ಅದು ಅರುವತ್ತೊಂದು ಪಟ್ಟಾಗಿ, 100 ಪಿಕೋಫ್ಯಾರಡ್‌ಗಿಂತ ಹೆಚ್ಚಾಗಿ ಕಾರ್ಟ್ರಿಜ್‌ಗೆ ಕಾಣಿಸುತ್ತದೆ. ಅದಕ್ಕೆ ಕೇಬಲ್ಲಿನ ನೂರೋ ನೂರೈವತ್ತೋ, ತೋಳಿನೊಳಗಿನ ತಂತಿಯದಷ್ಟು, ತಯಾರಕರು ಒಳಗೆ ಹಾಕಿದ ಸಣ್ಣ ಕೆಪಾಸಿಟರ್‌ನದಷ್ಟು ಕೂಡಿಸಿ. ಆ ಸಣ್ಣ ಕೆಪಾಸಿಟರ್ ತೆಗೆದು, ಕೇಬಲನ್ನು ಗಿಡ್ಡ ಮಾಡಿದರೆ ಬಹಳಷ್ಟು ಸಲ ಸಕಾರ ತಣ್ಣಗಾಗುತ್ತದೆ.

"ನನ್ನ ಫುಲ್ ರೇಂಜ್ ಸ್ಪೀಕರಿನಲ್ಲಿ 3 ಕಿಲೋಹರ್ಟ್ಸ್ ಉಬ್ಬು ಇರುವುದನ್ನು ಅಳೆದು ನೋಡಿದ್ದೇನೆ. ನಾಚ್ ಫಿಲ್ಟರ್ ಬಿಡಿಭಾಗಗಳ ಅಳತೆಗಳನ್ನು ಹೇಳಿ."

ನಾಚ್ ಫಿಲ್ಟರ್ ಎಂದರೆ ಒಂದು ಪಟ್ಟಿಯನ್ನು ಮಾತ್ರ ಇಳಿಸುವ ಸರ್ಕ್ಯೂಟ್. ಎಂಟು ಓಮ್ ಸ್ಪೀಕರಿನಲ್ಲಿ ಮೂರು ಡೆಸಿಬೆಲ್ ಇಳಿಸಲು 0.15 ಮಿಲಿಹೆನ್ರಿ ಏರ್ ಕೋರ್ ಕಾಯಿಲ್, 18 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, 3.3 ಓಮ್ ಹತ್ತು ವ್ಯಾಟ್ ರೆಸಿಸ್ಟರ್ ತೆಗೆದುಕೊಂಡು, ಮೂರನ್ನೂ ಒಂದಕ್ಕೊಂದು ಪ್ಯಾರಲಲ್ ಆಗಿ ಕಟ್ಟಿ, ಆ ಗಂಟನ್ನು ಸ್ಪೀಕರಿನ ಪ್ಲಸ್ ತಂತಿಯ ನಡುವೆ ಸೀರೀಸ್‌ನಲ್ಲಿ ಸೇರಿಸಬೇಕು. ಇಳಿತದ ನೆಲೆಯನ್ನು ಕಾಯಿಲ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧ ನಿರ್ಧರಿಸುತ್ತದೆ, ಇಳಿತದ ಆಳವನ್ನು ರೆಸಿಸ್ಟರ್ ನಿರ್ಧರಿಸುತ್ತದೆ. 0.56 ಮಿಲಿಹೆನ್ರಿ ಮತ್ತು 5 ಮೈಕ್ರೋಫ್ಯಾರಡ್ ಹಾಕಿದರೂ ನೆಲೆ 3 ಕಿಲೋಹರ್ಟ್ಸ್ ಆಗಿಯೇ ಇರುತ್ತದೆ, ಆದರೆ ಇಳಿತ ಬಹಳ ಅಗಲವಾಗಿ ಹರಡಿ ದನಿಯ ಜೀವ ತೆಗೆಯುತ್ತದೆ.

ಟ್ಯೂಬ್ ಸೆಟ್ಟಿನವರು ಇನ್ನೊಂದು ತಿದ್ದುಪಡಿ ಮಾಡಿಕೊಳ್ಳಬೇಕು. ಮೂರು ಡೆಸಿಬೆಲ್ ಎಂಬುದು ಔಟ್‌ಪುಟ್ ಇಂಪೀಡೆನ್ಸ್ ಸೊನ್ನೆ ಇದ್ದಾಗಿನ ಲೆಕ್ಕ. ಎರಡು ಓಮ್ ಇರುವ ಸೆಟ್ಟಿನಲ್ಲಿ ಅದೇ ರೆಸಿಸ್ಟರ್ ಎರಡೂವರೆ ಡೆಸಿಬೆಲ್ ಮಾತ್ರ ಇಳಿಸುತ್ತದೆ, ಆದ್ದರಿಂದ 3.9 ಅಥವಾ 4.7 ಓಮ್ ಕೂಡ ಕೈಯಲ್ಲಿಟ್ಟುಕೊಳ್ಳಿ. ಮೊದಲು ಸ್ಪೀಕರಿನ ಹೊರಗೆ ಮರದ ತುಂಡಿನ ಮೇಲೆ ಕ್ಲಿಪ್ಪುಗಳಿಂದ ಕಟ್ಟಿ, ಹಾರ್ಮೋನಿಯಂ ಇರುವ ಪರಿಚಿತ ಹಾಡೊಂದನ್ನು ಹಾಕಿ, ರೆಸಿಸ್ಟರ್ ಬದಲಿಸುತ್ತ ಕೇಳಿ. ಯಾವ ರೆಸಿಸ್ಟರ್ ಸರಿ ಎಂಬುದು ಗೊತ್ತಾದ ಮೇಲೆಯೇ ಬೆಸುಗೆ ಹಾಕಿ.